ಆಂಗ್ಲಭಾಷಾ ತರಗತಿಗೆ ಪೂರ್ವಸಿದ್ಧತೆ

ಕನ್ನಡ ಮಾಧ್ಯಮದಲ್ಲಿ ಓದುವ ಗ್ರಾಮಾಂತರದ ಅನೇಕ ಮಕ್ಕಳಿಗೆ ಆಂಗ್ಲಭಾಷೆಯನ್ನು ಅರ್ಥವರಿತು ಬಳಸುವ ಅವಕಾಶ ದೊರೆಯುವುದು ಶಾಲೆಯ ಆ ಒಂದು ಅವಧಿಯಲ್ಲಿ ಮಾತ್ರ. ಲೆಕ್ಕವನ್ನು ಮನೆಯಲ್ಲಿ ಅಣ್ಣನೋ ಅಕ್ಕನೋ ಹೇಳಿಕೊಟ್ಟಾರು; ಆಂಗ್ಲ ವಾಕ್ಯವನ್ನು ತಿದ್ದಬಲ್ಲವರು ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಆದುದರಿಂದ ಆ ಅವಧಿಗೆ ಬರಿಗೈಯಲ್ಲಿ ಬಂದು ಕುಳಿತ ವಿದ್ಯಾರ್ಥಿಗೆ ಆಗುವ ನಷ್ಟ ಸಣ್ಣದಲ್ಲ. ಅವನ ಮೌನವನ್ನು ಕಂಡವರು ಮಂದಬುದ್ಧಿಯೆಂದು ಎಣಿಸುತ್ತಾರೆ. ಬಹುಸಲ ಅದು ಸಿದ್ಧತೆಯ ಅಭಾವವಷ್ಟೆ.

ಈ ಭಾಷೆಗೆ ವಿಶೇಷ ಸಿದ್ಧತೆ ಬೇಕಾಗಲು ಕಾರಣವುಂಟು. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಆಂಗ್ಲದ 26 ಅಕ್ಷರಗಳ ರೀತಿ ಬೇರೆ. ರಾತ್ರಿ ಎಂಬರ್ಥದ ‘ನೈಟ್’ ಶಬ್ದವು ‘ಎನ್’ ಅಕ್ಷರದಿಂದಲೂ, ಅಶ್ವಾರೋಹಿ ವೀರನೆಂಬರ್ಥದ ‘ನೈಟ್’ ಶಬ್ದವು ‘ಕೆ’ ಅಕ್ಷರದಿಂದಲೂ ಮೊದಲಾಗುತ್ತವೆ; ಉಚ್ಚಾರ ಒಂದೇ. ಮುನ್ನಡೆಸು ಎಂಬರ್ಥದ ‘ಲೀಡ್’, ಸೀಸವೆಂಬರ್ಥದ ‘ಲೆಡ್’ ಇವುಗಳ ಕಾಗುಣಿತ ಒಂದೇ, ಉಚ್ಚಾರ ಬೇರೆ. ಮೇಲಾಗಿ ‘ರಾಮನು ಹಣ್ಣನ್ನು ತಿಂದನು’ ಎಂಬಲ್ಲಿ ಕ್ರಿಯಾಪದವು ಕೊನೆಯಲ್ಲಿ ನಿಲ್ಲುತ್ತದೆ. ಆಂಗ್ಲದಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬುದು ಕ್ರಮ. ಇವು ಒಮ್ಮೆ ಕೇಳಿದ ಮಾತ್ರಕ್ಕೆ ಮನಸ್ಸಿನಲ್ಲಿ ನೆಲೆಗೊಳ್ಳುವಂಥವಲ್ಲ.

ಆದಕಾರಣ ವಿದ್ಯಾರ್ಥಿಯು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು ಪೂರ್ವಪಠನ. ಹಿಂದಿನ ರಾತ್ರಿ ವೇಳಾಪಟ್ಟಿ ನೋಡಿ ಚೀಲವನ್ನು ಅಣಿಗೊಳಿಸುವಾಗಲೇ ಮರುದಿನದ ಪಾಠವನ್ನೊಮ್ಮೆ ಓದಿ, ತಿಳಿಯದ ಶಬ್ದಗಳಿಗೆ ಸೀಸದಕಡ್ಡಿಯಿಂದ ಅಡಿಗೆರೆ ಎಳೆಯಬೇಕು. ಎಲ್ಲವೂ ಅರ್ಥವಾಗಬೇಕೆಂದಿಲ್ಲ, ಯಾವುದು ಅರ್ಥವಾಗಲಿಲ್ಲವೆಂಬುದು ತಿಳಿದರೆ ಸಾಕು. ಎರಡನೆಯದು ಶಬ್ದಸಂಗ್ರಹ. ಪ್ರತ್ಯೇಕ ನೋಟುಪುಸ್ತಕದಲ್ಲಿ ಕಾಗುಣಿತ, ಉಚ್ಚಾರ, ಅರ್ಥ, ಸ್ವಂತ ವಾಕ್ಯ ಎಂದು ನಾಲ್ಕು ಅಂಕಣಗಳಿರಲಿ. ದಿನಕ್ಕೆ ಐದೇ ಶಬ್ದಗಳಾದರೂ 200 ಶಾಲಾದಿನಗಳಲ್ಲಿ ಸಾವಿರ ಶಬ್ದಗಳಾಗುವುವು. ಮೂರನೆಯದು ಮನನ. ಅಂದಿನ ಪಾಠವನ್ನು ಅಂದೇ ಸಂಜೆ ಪುಸ್ತಕ ಮುಚ್ಚಿ ಬರೆದು, ಮತ್ತೆ ತೆರೆದು ತಿದ್ದಿಕೊಳ್ಳಬೇಕು.

ಪರಭಾಷೆಯನ್ನು ಕ್ರಮವರಿತು ಕಲಿತವರಿಗೆ ಉಜ್ಜ್ವಲ ನಿದರ್ಶನ ರೆವರೆಂಡ್ ಕಿಟೆಲ್ಲರು. ಜರ್ಮನಿಯಿಂದ ಬಂದು ಕನ್ನಡವನ್ನು ಕಲಿತ ಆ ಮಹನೀಯರು ದೀರ್ಘಕಾಲ ಶಬ್ದಗಳನ್ನು ಕೂಡಿಸಿ, ವರ್ಣಾನುಕ್ರಮದಲ್ಲಿ ಜೋಡಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಅಂತಹ ಮಹಾಕಾರ್ಯಕ್ಕೂ ಆಧಾರವಾದುದು ಒಂದೊಂದೇ ಶಬ್ದವನ್ನು ಬರೆದಿಡುವ ಅಭ್ಯಾಸವೇ.

ಈ ಹೊಣೆ ಮಕ್ಕಳೊಬ್ಬರದೇ ಅಲ್ಲ. ಮರುದಿನದ ಪಾಠ ಯಾವುದೆಂಬುದನ್ನು ಅಧ್ಯಾಪಕರು ಮುಂಚಿತವಾಗಿ ತಿಳಿಸಿ, ವಾರಕ್ಕೊಮ್ಮೆ ಶಬ್ದಸಂಗ್ರಹವನ್ನು ಪರಿಶೀಲಿಸಬೇಕು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಪ್ರತಿ ತರಗತಿಗೆ ಒಂದು ಇಂಗ್ಲಿಷ್–ಕನ್ನಡ ನಿಘಂಟನ್ನು ಒದಗಿಸಿದರೆ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗುವಿಗೆ ಅದೇ ಆಸರೆಯಾಗುವುದು. ಸಿದ್ಧವಾಗಿ ಬಂದ ಮಗು ಧೈರ್ಯದಿಂದ ಪ್ರಶ್ನೆ ಕೇಳುತ್ತದೆ. ಆ ಧೈರ್ಯವೇ ಭಾಷಾಭ್ಯಾಸದ ಮೊದಲ ಫಲ.