ಆನೆ ಓಡಿಸೋ ಯಂತ್ರ ಬೇಡ, ಆನೆ ಎಲ್ಲಿದೆ ಅಂತ ಹೇಳಿ



ಪ್ರತಿ ವರ್ಷ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಒಂದಾದರೂ "ಆನೆ ಓಡಿಸುವ ಯಂತ್ರ" ಇದ್ದೇ ಇರುತ್ತೆ. ಒಂದು ಸೆನ್ಸರ್, ಒಂದು ಆರ್ಡುಯಿನೋ ಬೋರ್ಡ್, ಒಂದು ಸ್ಪೀಕರ್, ಥರ್ಮೋಕೋಲ್‌ನಲ್ಲಿ ಮಾಡಿದ ಕಾಡು, ಮಧ್ಯದಲ್ಲಿ ಪ್ಲಾಸ್ಟಿಕ್ ಆನೆ. ಆನೆ ಹತ್ತಿರ ಬಂದರೆ ಸ್ಪೀಕರ್ ಕಿರುಚುತ್ತೆ. ಮೂರನೇ ವರ್ಷದಲ್ಲಿ ನಾವು ನಾಲ್ಕು ಜನ ಸೇರಿ ಇದನ್ನೇ ಮಾಡೋಕೆ ಹೊರಟಿದ್ವಿ.

ನಮ್ಮೂರು ಸಕಲೇಶಪುರದ ಕಡೆ. ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗ್ತಾರೆ. ರಜೆಗೆ ಊರಿಗೆ ಹೋದಾಗ ನಮ್ಮ ಯಂತ್ರದ ಬಗ್ಗೆ ಉತ್ಸಾಹದಿಂದ ವಿವರಿಸಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಓಡಿಸಿದ್ರೆ ಅದು ಎಲ್ಲಿಗೆ ಹೋಗುತ್ತೋ? ಪಕ್ಕದ ತೋಟಕ್ಕೆ ತಾನೆ? ಅಲ್ಲಿ ನಿಮ್ಮ ಚಿಕ್ಕಮ್ಮ ಕೆಲಸ ಮಾಡ್ತಿರ್ತಾಳೆ. ಬೆಳಿಗ್ಗೆ ನಾನು ಹೋಗೋ ದಾರೀಲಿ ಆನೆ ಇದೆಯೋ ಇಲ್ವೋ, ಅಷ್ಟು ಹೇಳೋ ಹಾಗೆ ಏನಾದ್ರೂ ಮಾಡು" ಅಂದ್ರು.

ಅಲ್ಲಿಂದ ಶುರುವಾದ ನಮ್ಮ ಓದಿನಲ್ಲಿ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇನೆ.

ಮೊದಲು ಆನೆಯನ್ನು ತಿಳ್ಕೊಳ್ಳೋಣ

2023ರ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ. ಇವೆಲ್ಲ ಬಂಡೀಪುರ, ನಾಗರಹೊಳೆಯಂಥ ರಕ್ಷಿತ ಕಾಡುಗಳ ಗಡಿಯೊಳಗೇ ಇರೋದಿಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕು. ಹಿಂಡನ್ನು ನಡೆಸೋದು ಹಿರಿಯ ಹೆಣ್ಣಾನೆ. ಗಂಡು ಮರಿಗಳು ಹರೆಯಕ್ಕೆ ಬಂದ ಮೇಲೆ ಹಿಂಡು ಬಿಟ್ಟು ಹೋಗ್ತವೆ. ನಾವು ಒಂಟಿ ಸಲಗ ಅಂತ ಕರೆಯೋದು ಇವನ್ನೇ.

ಆನೆಯ ಕಣ್ಣಿಂದ ಒಂದು ಕಾಫಿ ತೋಟ ನೋಡಿ. ಮೇಲೆ ದೊಡ್ಡ ದೊಡ್ಡ ನೆರಳಿನ ಮರ, ನಡುವೆ ಕೆರೆ, ಮಳೆಗಾಲಕ್ಕೆ ಹಲಸು, ಕೆಳಗಿನ ಬಯಲಲ್ಲಿ ಭತ್ತ. ಹಗಲು ಮಲಗೋಕೆ ನೆರಳು, ರಾತ್ರಿ ಊಟಕ್ಕೆ ಗದ್ದೆ. ನಮಗೆ ಅದು ತೋಟ, ಆನೆಗೆ ಕಾಡೇ. ತೋಟದ ಸುತ್ತಲೇ ಬೆಳೆದ ಮರಿಗಂತೂ ಅದೇ ಊರು.

ಇನ್ನು ಕಿವಿ. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಪಕ್ಕ ಕೂತಿದ್ದಾಗ ಗಾಳಿಯಲ್ಲಿ ಏನೋ ನಡುಕ ಇದ್ದ ಹಾಗೆ ಅನ್ನಿಸಿತು. ರೆಕಾರ್ಡ್ ಮಾಡಿ ನೋಡಿದರೆ, ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ ಮಾತಾಡಿಕೊಳ್ತಿದ್ವು! ನಮ್ಮ ಕಿವಿ ಶುರುವಾಗೋದೇ 20 ಹರ್ಟ್ಸ್‌ನಿಂದ. ಇಂಥ ತಗ್ಗಿನ ದನಿ ಕಾಡಿನಲ್ಲಿ ಬಹಳ ದೂರ ಹೋಗುತ್ತೆ. ಆದರೆ ಮೇಲಿನ ಕಡೆ ಆನೆಯ ಕಿವಿ ನಮಗಿಂತ ಮಂದ. ಸುಮಾರು 10–12 ಕಿಲೋಹರ್ಟ್ಸ್ ದಾಟಿದರೆ ಅದಕ್ಕೆ ಏನೂ ಕೇಳಿಸೋದಿಲ್ಲ.

ನಮ್ಮ ಯಂತ್ರ ಕೂಗಬೇಕಿದ್ದದ್ದು 25 ಕಿಲೋಹರ್ಟ್ಸ್‌ನಲ್ಲಿ. ಅಂದರೆ ಆನೆ ಓಡಿಸೋಕೆ ಅಂತ ನಾವು ಮಾಡ್ತಿದ್ದದ್ದು ಆನೆಗೆ ಕೇಳಿಸದೇ ಇರೋ ಯಂತ್ರ!

ಬೇಲಿ ಮತ್ತು ಸೆರೆ

ಸೋಲಾರ್ ಬೇಲಿ ಹೇಗೆ ಕೆಲಸ ಮಾಡುತ್ತೆ ಅನ್ನೋದು ಎಲೆಕ್ಟ್ರಿಕಲ್‌ನವರಿಗೆ ಗೊತ್ತಿರುತ್ತೆ. ವೋಲ್ಟೇಜ್ ಕೆಲವು ಸಾವಿರ ಇದ್ದರೂ ಅದು ಸೆಕೆಂಡಿಗೆ ಸುಮಾರು ಒಂದು ಸಲ, ಅತಿ ಸಣ್ಣ ಪಲ್ಸ್ ಆಗಿ ಹರಿಯುತ್ತೆ. ಪ್ರಾಣಿಗೆ ನೋವಾಗುತ್ತೆ, ಜೀವ ಹೋಗೋದಿಲ್ಲ. ತಂತಿಗೆ ನೇರವಾಗಿ ಮನೆ ಕರೆಂಟ್ ಕೊಡೋದು ಕಾನೂನಿಗೆ ವಿರುದ್ಧ. ಅದರಿಂದ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ಆದರೆ ಆನೆ ಸುಮ್ಮನೆ ಕೂರಲ್ಲ. ದಂತದಲ್ಲಿ ಕರೆಂಟ್ ಹರಿಯೋದಿಲ್ಲ ಅನ್ನೋದನ್ನ ಕಂಡುಕೊಂಡ ಸಲಗಗಳು ದಂತದಿಂದಲೇ ತಂತಿ ಕಿತ್ತು ಹಾಕ್ತವೆ. ಇಲ್ಲವೇ ಒಂದು ಮರ ತಳ್ಳಿ ಬೇಲಿ ಮೇಲೆ ಬೀಳಿಸ್ತವೆ. ಬೇಲಿ ದಂಡ ಅಂತಲ್ಲ. ಗದ್ದೆ, ಮನೆ ಸುತ್ತ ಚೆನ್ನಾಗಿ ನೋಡಿಕೊಂಡ ಬೇಲಿ ಉಪಯೋಗಕ್ಕೆ ಬರುತ್ತೆ. ಹಾಗಂತ ಇಡೀ ತಾಲ್ಲೂಕಿಗೆ ಬೇಲಿ ಹಾಕೋಕಾಗುತ್ತಾ?

ಹಿಡಿದು ಸಾಗಿಸೋ ದಾರಿಯನ್ನೂ ನಮ್ಮ ಜಿಲ್ಲೆ ನೋಡಿದೆ. ಹೈಕೋರ್ಟ್ ಸೂಚನೆಯಂತೆ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳಿಗೇ ಮೊದಲ ಆದ್ಯತೆ ಇರೋ ಪ್ರದೇಶ, ಆನೆ-ಮನುಷ್ಯ ಇಬ್ಬರೂ ಹೊಂದಿಕೊಂಡು ಇರಬೇಕಾದ ಪ್ರದೇಶ, ಆನೆಗಳನ್ನು ತೆಗೆಯಬೇಕಾದ ಪ್ರದೇಶ ಅಂತ ಅದು ಮೂರು ವಿಭಾಗ ಮಾಡಿತು. ಮುಂದೆ 2014ರಲ್ಲಿ ಆಲೂರು ಭಾಗದಲ್ಲಿ 22 ಆನೆಗಳನ್ನು ಹಿಡಿದರು. ಅಷ್ಟಾದರೂ ಹಾಸನ ಜಿಲ್ಲೆಯಲ್ಲಿ ಕಾಡಾನೆ ಸಮಸ್ಯೆ ಮುಗಿಯಲಿಲ್ಲ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತಿದ್ದ ಅರ್ಜುನ ತೀರಿಕೊಂಡಿದ್ದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲೇ. 2023ರ ಡಿಸೆಂಬರ್ 4ರಂದು, ಕಾಡಾನೆ ಕಾರ್ಯಾಚರಣೆಯ ಹೊತ್ತಲ್ಲಿ, ಒಂಟಿ ಸಲಗದ ಜೊತೆ ಕಾದಾಡಿ ಪ್ರಾಣ ಬಿಟ್ಟ. ಅವತ್ತು ನಮ್ಮೂರಲ್ಲಿ ಅಳದೇ ಇದ್ದವರು ಕಡಿಮೆ. ಆನೆ ಕಾಟದಿಂದ ಗದ್ದೆ ಕಳೆದುಕೊಂಡವರೂ ಅತ್ತರು.

ವಾಲ್ಪಾರೈ ಪಾಠ

ಹಾಗಾದರೆ ಅಮ್ಮ ಕೇಳಿದ್ದನ್ನ ಯಾರಾದರೂ ಮಾಡಿದ್ದಾರಾ ಅಂತ ಹುಡುಕಿದಾಗ ಸಿಕ್ಕಿದ್ದು ತಮಿಳುನಾಡಿನ ವಾಲ್ಪಾರೈ. ಕೊಯಮತ್ತೂರು ಜಿಲ್ಲೆಯ ಆನೆಮಲೆ ಬೆಟ್ಟದ ಮೇಲೆ, ಸುಮಾರು 220 ಚದರ ಕಿಲೋಮೀಟರ್ ಹರಡಿರೋ ಟೀ-ಕಾಫಿ ತೋಟಗಳ ಊರು. ಸುತ್ತ ದಟ್ಟ ಕಾಡು, ಒಳಗೆ ಸಾವಿರಾರು ಕಾರ್ಮಿಕರ ಲೈನ್ ಮನೆಗಳು. ಒಂದು ಕಾಡಿಂದ ಇನ್ನೊಂದಕ್ಕೆ ಹೋಗೋ ಆನೆಗಳಿಗೆ ಇದೇ ದಾರಿ.

ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ಅವರ ಜೊತೆಗಾರರು 2002ರಿಂದ ಇಲ್ಲಿ ಆನೆಗಳ ಹಿಂದೆ ಓಡಾಡಿದರು. ಹಗಲು ಎಲ್ಲಿ ನಿಲ್ತವೆ, ಯಾವ ಹೊಳೆ ದಂಡೆ ಹಿಡಿದು ನಡೀತವೆ ಅಂತ ಬರೆದಿಟ್ಟರು. ಜನ ಹೇಗೆ ಸತ್ತರು ಅನ್ನೋದನ್ನೂ ಒಂದೊಂದಾಗಿ ವಿಚಾರಿಸಿದರು. ಸತ್ತವರಲ್ಲಿ ಹೆಚ್ಚಿನವರಿಗೆ ಅಲ್ಲಿ ಆನೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಕತ್ತಲಲ್ಲಿ ನಡೆದು ಬರುವಾಗ, ರಸ್ತೆ ತಿರುವಿನಲ್ಲಿ, ಏಕಾಏಕಿ ಎದುರಾಗಿತ್ತು. ಆನೆಗೂ ಗಾಬರಿ, ಮನುಷ್ಯನಿಗೂ ಗಾಬರಿ.

ಅಂದಮೇಲೆ ಕಾರಣ ಆನೆಯ ಕೋಪ ಅಲ್ಲ, ಮಾಹಿತಿ ಇಲ್ಲದೇ ಇದ್ದದ್ದು. ಅದಕ್ಕೆ ಅವರು ಮಾಡಿದ್ದು ಬಹಳ ಸರಳ. ಮೊದಲು ಊರಿನ ಕೇಬಲ್ ಟಿವಿಯಲ್ಲಿ, ಇವತ್ತು ಆನೆ ಇಂಥ ಕಡೆ ಇದೆ ಅಂತ ಸಾಲು ಓಡಿಸಿದರು. 2011ರಿಂದ ಆ ಭಾಗದ ಜನರ ಫೋನಿಗೆ ಎಸ್ಸೆಮ್ಮೆಸ್ ಕಳಿಸಿದರು. ಮುಖ್ಯವಾದ ಜಾಗಗಳಲ್ಲಿ ಎತ್ತರದ ಕಂಬಕ್ಕೆ ಕೆಂಪು ದೀಪ ಹಾಕಿದರು. ಆ ದೀಪದೊಳಗೆ ಒಂದು ಸಿಮ್. ಆನೆ ಕಂಡವರು ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ದೀಪ ಮಿಣುಕುತ್ತೆ. ದೂರದಿಂದ ನೋಡಿದವರು ದಾರಿ ಬದಲಿಸ್ತಾರೆ. ದೀಪದ ಉಸ್ತುವಾರಿ ಊರಿನವರದ್ದೇ.

ಸಾವುಗಳು ಗಣನೀಯವಾಗಿ ಕಡಿಮೆಯಾದವು. 2015ರಲ್ಲಿ ಆನಂದ ಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ಆನೆಗಳು ಈಗಲೂ ಅಲ್ಲೇ ಓಡಾಡ್ತವೆ.

ಇದೇ ರೀತಿಯ ವ್ಯವಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ನಮ್ಮ ಹಾಸನ ಜಿಲ್ಲೆಗೂ ಬಂತು. ಈಗ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಇದೆ, ಇಲಾಖೆಯ ಆನೆ ಕಾರ್ಯಪಡೆ ಸಿಬ್ಬಂದಿ ಹಿಂಡಿನ ಜಾಡು ಹಿಡಿದು ವಾಟ್ಸಾಪ್ ಗುಂಪುಗಳಿಗೆ ತಿಳಿಸ್ತಾರೆ.

ನಾವು ಕಲಿತದ್ದು

ನಮ್ಮ ಪ್ರಾಜೆಕ್ಟ್ ಬದಲಾಯಿತು. ಸ್ಪೀಕರ್ ಕಿತ್ತು ಹಾಕಿ, ಸಿಮ್ ಮಾಡ್ಯೂಲ್ ಇಟ್ಟು, ಮಿಸ್ಡ್ ಕಾಲ್‌ಗೆ ಹೊತ್ತಿಕೊಳ್ಳೋ ದೀಪ ಮಾಡಿದ್ವಿ. ಬಹುಮಾನ ಬರಲಿಲ್ಲ, "ಇದರಲ್ಲಿ ಹೊಸದೇನಿದೆ?" ಅಂತ ಕೇಳಿದರು. ಹೊಸದು ಏನೂ ಇರಲಿಲ್ಲ, ನಿಜ. ಆದರೆ ಮುಂದೆ ಈ ವಿಷಯ ತಗೊಳ್ಳೋ ಜೂನಿಯರ್‌ಗಳು ಯೋಚಿಸಬೇಕಾದ ಪ್ರಶ್ನೆಗಳು ಸಿಕ್ಕವು.

1. ಸುದ್ದಿ ಯಾರಿಗೆ ಬೇಕು? ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಓದೋಕೆ ಬಾರದವರಿಗೆ ಹೇಗೆ ಮುಟ್ಟಿಸ್ತೀರಿ? ಬೇರೆ ಕಡೆಯಿಂದ ಬಂದ ಕಾರ್ಮಿಕರಿಗೆ ಯಾವ ಭಾಷೆಯಲ್ಲಿ?

2. ನೆಟ್‌ವರ್ಕ್ ಇಲ್ಲದ ಕಡೆ, ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದಾಗ ನಿಮ್ಮ ಸಾಧನದ ಗತಿ ಏನು?

3. ಸುಳ್ಳು ಎಚ್ಚರಿಕೆ ಎಷ್ಟು? ಕ್ಯಾಮೆರಾ ಎಮ್ಮೆಯನ್ನು ಆನೆ ಅಂತ ನಾಲ್ಕು ಸಲ ಹೇಳಿದರೆ ಐದನೇ ಸಲ ಯಾರೂ ನಂಬೋದಿಲ್ಲ. ಆನೆ ಬಂದಾಗ ಸುಮ್ಮನಿದ್ದರಂತೂ ಜೀವವೇ ಹೋಗಬಹುದು. ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ.

4. ಆನೆ ಇರೋ ಜಾಗ ಎಲ್ಲರಿಗೂ ಗೊತ್ತಾದರೆ ಸೆಲ್ಫಿಗೆ ಅಂತ ಓಡಿ ಬರೋರ ಕಥೆ ಏನು? ಜನ ಸೇರಿ ಕೂಗಾಡಿ ಪಟಾಕಿ ಹೊಡೆದರೆ ಶಾಂತವಾಗಿದ್ದ ಹಿಂಡೂ ಚದುರಿ ಯಾರ ಮೇಲಾದರೂ ಬೀಳುತ್ತೆ.

ಒಂದು ಮಾತು ಮರೆಯಬಾರದು. ಎಚ್ಚರಿಕೆಯಿಂದ ಜೀವ ಉಳಿಯುತ್ತೆ, ಭತ್ತ ಉಳಿಯಲ್ಲ. ಆನೆ ಫೋಟೋ ನೋಡಿ ಖುಷಿಪಡೋದು ನಾವು, ರಾತ್ರೋರಾತ್ರಿ ಒಂದು ವರ್ಷದ ಅನ್ನ ಕಳೆದುಕೊಳ್ಳೋದು ಗದ್ದೆ ಮಾಡಿದವರು. ಪರಿಹಾರ ಸರಿಯಾಗಿ, ಬೇಗ ಸಿಗಬೇಕು. ಕಾಡಿನ ತುಣುಕುಗಳು, ಹೊಳೆ ದಂಡೆಯ ಮರಗಳು ಉಳಿಯಬೇಕು. ಇಲ್ಲದಿದ್ದರೆ "ಹೊಂದಿಕೊಂಡು ಬಾಳಿ" ಅಂತ ಊರಿನವರಿಗೆ ಹೇಳೋ ಹಕ್ಕು ನಮಗಿಲ್ಲ.

ಹೋದ ವಾರ ಅಮ್ಮ ಫೋನ್ ಮಾಡಿದ್ದರು. ಬೆಳಿಗ್ಗೆ ಏಳಕ್ಕೆ ಗ್ರೂಪಲ್ಲಿ ಮೆಸೇಜ್ ಬಂದಿತ್ತಂತೆ, ಕೆರೆ ಪಕ್ಕ ಹಿಂಡು ಇದೆ, ಮರಿಯೂ ಇದೆ ಅಂತ. ಮೇಸ್ತ್ರಿ ಅವತ್ತು ಆ ಕಡೆ ಕೆಲಸ ಬಿಡಿಸಿ ಎಲ್ಲರನ್ನೂ ಮೇಲಿನ ತೋಟಕ್ಕೆ ಕಳಿಸಿದರಂತೆ. ಸುತ್ತಿ ಹೋಗಿದ್ದಕ್ಕೆ ಅರ್ಧ ಗಂಟೆ ತಡವಾಯಿತಂತೆ.

"ಆನೆ ನೋಡಿದ್ಯಾ ಅಮ್ಮ?" ಅಂದೆ.

"ಇಲ್ಲ ಕಣೋ, ಅದರ ಪಾಡಿಗೆ ಅದಿತ್ತು, ನಮ್ಮ ಪಾಡಿಗೆ ನಾವು ಕೆಲಸ ಮುಗಿಸಿ ಬಂದ್ವಿ" ಅಂದ್ರು.