ಎದ್ದು ನಿಂತರೆ ಒಂದು, ಕುಳಿತರೆ ಸೊನ್ನೆ

ಮಕ್ಕಳೇ, ಗಣಕಯಂತ್ರ ಅಥವಾ ಕಂಪ್ಯೂಟರ್ ಏನೆಲ್ಲ ಮಾಡುತ್ತದೆ ಎಂದು ನಿಮಗೆ ಗೊತ್ತು. ಲೆಕ್ಕ ಮಾಡುತ್ತದೆ, ಪತ್ರ ಮುದ್ರಿಸುತ್ತದೆ, ಚಿತ್ರ ತೋರಿಸುತ್ತದೆ, ಹಾಡು ಕೇಳಿಸುತ್ತದೆ. ಇಷ್ಟೆಲ್ಲ ಮಾಡುವ ಯಂತ್ರಕ್ಕೆ ಕನ್ನಡ ಬರುತ್ತದೆಯೇ? ಇಂಗ್ಲಿಷ್ ಬರುತ್ತದೆಯೇ? ಎರಡೂ ಬರುವುದಿಲ್ಲ! ಅದರೊಳಗೆ ಇರುವುದು ಕೋಟ್ಯಂತರ ಪುಟ್ಟ ಸ್ವಿಚ್ಚುಗಳು. ಪ್ರತಿ ಸ್ವಿಚ್ಚಿಗೂ ಎರಡೇ ಸ್ಥಿತಿ: ಆನ್ ಅಥವಾ ಆಫ್. ಹಾಗಾದರೆ ಅದು ನಮ್ಮ ‘ಕ’ ಅಕ್ಷರವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಕಂಪ್ಯೂಟರ್ ಇಲ್ಲದೆಯೇ ಇದನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಬಹುದು.

ಐದು ಜನ, 32 ಸಂಖ್ಯೆಗಳು

ಐದು ರಟ್ಟಿನ ತುಂಡುಗಳ ಮೇಲೆ 16, 8, 4, 2, 1 ಎಂದು ದೊಡ್ಡದಾಗಿ ಬರೆಯಿರಿ. ಐದು ಮಂದಿ ಒಂದೊಂದು ರಟ್ಟು ಹಿಡಿದು ತರಗತಿಯ ಎದುರು ಸಾಲಾಗಿ ಕುಳಿತುಕೊಳ್ಳಿ. ನೋಡುವವರಿಗೆ 16 ಎಡತುದಿಯಲ್ಲಿ, 1 ಬಲತುದಿಯಲ್ಲಿ ಕಾಣಬೇಕು. ಎದ್ದು ನಿಂತವರ ಸಂಖ್ಯೆಗಳನ್ನು ಮಾತ್ರ ಕೂಡಬೇಕು. ಇದೇ ಆಟದ ನಿಯಮ.

ಈಗ 13 ಬೇಕು ಎಂದುಕೊಳ್ಳಿ. 8, 4 ಮತ್ತು 1 ಹಿಡಿದವರು ಎದ್ದು ನಿಲ್ಲಬೇಕು. ನಿಂತವರನ್ನು 1 ಎಂದೂ ಕುಳಿತವರನ್ನು 0 ಎಂದೂ ಬರೆದರೆ 01101 ಎಂದಾಗುತ್ತದೆ. ಎಲ್ಲರೂ ಕುಳಿತರೆ 0, ಎಲ್ಲರೂ ನಿಂತರೆ 31. ಹೀಗೆ ಐದೇ ಮಂದಿ 32 ಬೇರೆ ಬೇರೆ ಸಂಖ್ಯೆಗಳನ್ನು ತೋರಿಸಬಲ್ಲರು. ಆರನೆಯವರು 32ರ ರಟ್ಟು ಹಿಡಿದು ಸೇರಿಕೊಂಡರೆ 63ರವರೆಗೂ ಹೋಗಬಹುದು.

ಕೇವಲ 0 ಮತ್ತು 1 ಬಳಸಿ ಎಣಿಸುವ ಈ ಕ್ರಮಕ್ಕೆ ದ್ವಿಮಾನ ಪದ್ಧತಿ ಎಂದು ಹೆಸರು. ಸಾಲಿನಲ್ಲಿರುವ ಒಬ್ಬೊಬ್ಬರೂ ಒಂದೊಂದು ‘ಬಿಟ್’. ಎಂಟು ಬಿಟ್‌ಗಳು ಸೇರಿದರೆ ಒಂದು ‘ಬೈಟ್’. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು.

ಹಲ್ಲಿನ ಚಕ್ರದಿಂದ ಸ್ವಿಚ್ಚಿಗೆ

ಲೆಕ್ಕದ ಯಂತ್ರಗಳು ಮೊದಲು ಹೀಗಿರಲಿಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1642ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಕೂಡುವ ಯಂತ್ರವೊಂದನ್ನು ಮಾಡಲು ತೊಡಗಿದ. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಹೊರೆ ಇಳಿಸುವುದು ಅವನ ಆಸೆ. ಅದರಲ್ಲಿ ಒಂದಕ್ಕೊಂದು ತಗುಲಿಕೊಂಡ ಚಕ್ರಗಳಿದ್ದವು. ಒಂದು ಚಕ್ರ 9 ದಾಟಿದರೆ ಪಕ್ಕದ ಚಕ್ರ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ನೀವು ಲೆಕ್ಕದಲ್ಲಿ ‘ದಶಕ’ ಒಯ್ಯುವುದಿಲ್ಲವೇ, ಹಾಗೆಯೇ.

ವಿದ್ಯುತ್ ಬಳಕೆಗೆ ಬಂದ ಮೇಲೆ ‘ರಿಲೇ’ ಎಂಬ ಸ್ವಿಚ್ಚು ಬಂತು. ವಿದ್ಯುತ್ ಹರಿದಾಗ ಇದರ ವಿದ್ಯುತ್ಕಾಂತವು ಲೋಹದ ಪಟ್ಟಿಯೊಂದನ್ನು ಎಳೆದು ಮಂಡಲವನ್ನು ಮುಚ್ಚುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಇಂಥ ರಿಲೇಗಳ ಯಂತ್ರ. 1947ರ ಸೆಪ್ಟೆಂಬರ್ 9ರಂದು ಅದು ಸರಿಯಾಗಿ ಕೆಲಸ ಮಾಡಲಿಲ್ಲ. ತೆರೆದು ನೋಡಿದರೆ ರಿಲೇ ಒಂದರಲ್ಲಿ ಪತಂಗ ಸಿಕ್ಕಿಬಿದ್ದಿತ್ತು! ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಯಂತ್ರದ ದೋಷವನ್ನು ‘ಬಗ್’, ಅಂದರೆ ಹುಳು, ಎನ್ನುವುದು ಅದಕ್ಕೂ ಮೊದಲೇ ರೂಢಿಯಲ್ಲಿತ್ತು. ಅಂದು ಮಾತ್ರ ನಿಜವಾದ ಹುಳುವೇ ಸಿಕ್ಕಿತು.

ರಿಲೇಯಲ್ಲಿ ಪಟ್ಟಿ ಅಲುಗಾಡಬೇಕು. ಆದ್ದರಿಂದ ಅದರ ಕೆಲಸ ನಿಧಾನ. ಅಲುಗಾಡುವ ಭಾಗವೇ ಇಲ್ಲದ ಸ್ವಿಚ್ಚು ಎಂದರೆ ನಿರ್ವಾತ ನಳಿಕೆ. ನೋಡಲು ಹಳೆಯ ಕಾಲದ ಬಲ್ಬಿನಂತೆ, ಬಲ್ಬಿನಂತೆಯೇ ಬಿಸಿಯಾಗುತ್ತದೆ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜನರಿಗೆ ತೋರಿಸಿದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ನಳಿಕೆಗಳಿದ್ದವು. ತೂಕ ಸುಮಾರು 30 ಟನ್. ಸೆಕೆಂಡಿಗೆ 5,000 ಕೂಡುವ ಲೆಕ್ಕ ಮಾಡುತ್ತಿತ್ತು.

ಆದರೆ ಎನಿಯಾಕ್ ಎಣಿಸುತ್ತಿದ್ದುದು ನಮ್ಮಂತೆ ಹತ್ತರ ಪದ್ಧತಿಯಲ್ಲಿ. 0ಯಿಂದ 9ರವರೆಗಿನ ಒಂದು ಅಂಕಿಯನ್ನು ಹಿಡಿದಿಡಲು ಅದಕ್ಕೆ ಆನ್-ಆಫ್ ಆಗುವ ಹತ್ತು ಮಂಡಲಗಳು ಬೇಕಿದ್ದವು. ನಮ್ಮ ಆಟದಲ್ಲಾದರೆ 8, 4, 2, 1 ಹಿಡಿದ ನಾಲ್ವರೇ ಸಾಕು, ಅಲ್ಲವೇ? ಮುಂದೆ ಕಂಪ್ಯೂಟರುಗಳು ದ್ವಿಮಾನ ಪದ್ಧತಿಗೆ ಹೊರಳಲು ಇದೂ ಒಂದು ಕಾರಣ.

ಯಂತ್ರಕ್ಕೆ ಕೆಲಸ ಹೇಳಿದವರು

ಸ್ವಿಚ್ಚುಗಳಿದ್ದರೆ ಸಾಲದು. ಯಾವಾಗ ಯಾವುದು ಆನ್ ಆಗಬೇಕು ಎಂದು ಹೇಳಿಕೊಡಬೇಕು. ಎನಿಯಾಕ್‌ಗೆ ಈ ಕ್ರಮ ಹೇಳಿಕೊಟ್ಟವರಲ್ಲಿ ಮುಖ್ಯರಾದವರು ಆರು ಮಂದಿ ಮಹಿಳೆಯರು. ಅದಕ್ಕೂ ಮೊದಲು ಅವರು ಕೈಯಿಂದಲೇ ದೊಡ್ಡ ದೊಡ್ಡ ಲೆಕ್ಕ ಮಾಡುತ್ತಿದ್ದರು. ಆ ಕೆಲಸದವರನ್ನು ಆಗ ‘ಕಂಪ್ಯೂಟರ್’ ಎಂದೇ ಕರೆಯುತ್ತಿದ್ದರು! ಹೊಸ ಲೆಕ್ಕ ಬಂದಾಗಲೆಲ್ಲ ಅವರು ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಬೇಕಿತ್ತು. ಇದಕ್ಕೆ ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತಿತ್ತು. ಈ ಆರು ಮಂದಿಯ ಹೆಸರುಗಳು ಬಹುಕಾಲ ಬೆಳಕಿಗೆ ಬರಲಿಲ್ಲ.

1948ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೇರೊಂದು ಬಗೆಯ ಯಂತ್ರ ಕೆಲಸ ಮಾಡಿತು. ಅದರಲ್ಲಿ ಸೂಚನೆಗಳನ್ನೂ ಅಂಕಿಗಳಂತೆ ಯಂತ್ರದ ಸ್ಮೃತಿಯಲ್ಲೇ ಇಟ್ಟಿದ್ದರು. ಕೆಲಸ ಬದಲಾದರೆ ತಂತಿ ಕೀಳಬೇಕಿಲ್ಲ, ಸೂಚನೆ ಬದಲಿಸಿದರೆ ಸಾಕು. ಹೀಗೆ ಬರೆದಿಟ್ಟ ಸೂಚನೆಗಳೇ ತಂತ್ರಾಂಶ ಅಥವಾ ಸಾಫ್ಟ್‌ವೇರ್. ಕೈಗೆ ಸಿಗುವ ಭಾಗಗಳೆಲ್ಲ ಯಂತ್ರಾಂಶ ಅಥವಾ ಹಾರ್ಡ್‌ವೇರ್.

ಉಗುರಿನಗಲದಲ್ಲಿ ಕೋಟಿ ಕೋಟಿ

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇದೂ ಸ್ವಿಚ್ಚೇ, ಆದರೆ ಅರೆವಾಹಕ ವಸ್ತುವಿನಿಂದ ಮಾಡಿದ್ದು. ನಳಿಕೆಯಂತೆ ಕಾಯುವುದಿಲ್ಲ, ಬಹಳ ಚಿಕ್ಕದು, ವಿದ್ಯುತ್ತೂ ಕಡಿಮೆ ಸಾಕು. ಇದಕ್ಕಾಗಿ ಬಾರ್ಡೀನ್, ಬ್ರಾಟೈನ್ ಮತ್ತು ಶಾಕ್ಲಿ ಅವರಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂತು. 1958ರಲ್ಲಿ ಜಾಕ್ ಕಿಲ್ಬಿ, 1959ರಲ್ಲಿ ರಾಬರ್ಟ್ ನಾಯ್ಸ್ ಅನೇಕ ಬಿಡಿಭಾಗಗಳನ್ನು ಒಂದೇ ತುಣುಕಿನಲ್ಲಿ ಮಾಡುವ ದಾರಿ ಕಂಡುಕೊಂಡರು. ಅದೇ ಚಿಪ್.

ಯಂತ್ರದ ಲೆಕ್ಕ ಮಾಡುವ ಭಾಗವನ್ನು ಸಂಸ್ಕಾರಕ ಅಥವಾ ಪ್ರೊಸೆಸರ್ ಎನ್ನುತ್ತಾರೆ. 1971ರಲ್ಲಿ ಇಂಟೆಲ್ ಕಂಪನಿಯು ‘4004’ ಎಂಬ ಒಂದೇ ಚಿಪ್ಪಿನ ಸಂಸ್ಕಾರಕವನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಕೆಲವು ಮೊಬೈಲ್ ಫೋನುಗಳ ಒಂದು ಚಿಪ್ಪಿನಲ್ಲಿ 1,000 ಕೋಟಿಗೂ ಹೆಚ್ಚು ಇರುತ್ತವೆ. ಗಾತ್ರ ಕುಗ್ಗಿದೆ, ವೇಗ ಹೆಚ್ಚಿದೆ. ಆದರೆ ಪ್ರತಿಯೊಂದೂ ಮಾಡುವುದು ನಿಮ್ಮ ಸಾಲಿನವರು ಮಾಡಿದ್ದನ್ನೇ: ಏಳುವುದು, ಕೂರುವುದು.

‘ಕ’ಗೆ ಒಂದು ಸಂಖ್ಯೆ

ಸ್ವಿಚ್ಚುಗಳು ಸಂಖ್ಯೆಯನ್ನು ಮಾತ್ರ ಹಿಡಿದಿಡಬಲ್ಲವು. ಆದ್ದರಿಂದ ಅಕ್ಷರಕ್ಕೂ ಸಂಖ್ಯೆ ಕೊಡಬೇಕು. ಮೊದಲು ಕನ್ನಡದ ಒಂದೊಂದು ತಂತ್ರಾಂಶ ತನಗೆ ಬೇಕಾದಂತೆ ಸಂಖ್ಯೆ ಕೊಟ್ಟುಕೊಂಡಿತ್ತು. ಒಂದರಲ್ಲಿ ಬರೆದ ಪತ್ರವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಗುರುತುಗಳು ಕಾಣುತ್ತಿದ್ದವು. ಬರೆದದ್ದು ಯಂತ್ರದಲ್ಲಿ ಇದ್ದರೂ ಓದಲು ಆಗುತ್ತಿರಲಿಲ್ಲ. ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಬೇಕೆಂದು ‘ಯೂನಿಕೋಡ್’ ರೂಪುಗೊಂಡಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221.

ಕೀಲಿಮಣೆಯಲ್ಲಿ ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಪ್ರಸಿದ್ಧವಾದುದು. ಅದರಲ್ಲಿ ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ‘ಕ’ ಬರುತ್ತದೆ. ಆಗ ಏನಾಗುತ್ತದೆ ನೋಡಿ. ಕೀಲಿಮಣೆ ಒಂದು ಸಂಕೇತವನ್ನು ಒಳಗೆ ಕಳಿಸುತ್ತದೆ. ಅದು ಇನ್‌ಪುಟ್. ತಂತ್ರಾಂಶದ ಸೂಚನೆಯಂತೆ ಸಂಸ್ಕಾರಕವು ಅದನ್ನು 3221ಕ್ಕೆ ಬದಲಿಸುತ್ತದೆ. ಸ್ಮೃತಿ ಅದನ್ನು ಹಿಡಿದಿಡುತ್ತದೆ. ಪರದೆಯ ಮೇಲೆ ‘ಕ’ ಮೂಡುತ್ತದೆ. ಅದು ಔಟ್‌ಪುಟ್.

ಮಾಡಿ ನೋಡಿ

ಹನ್ನೆರಡು ಮಂದಿ ಸಾಲಾಗಿ ಕುಳಿತುಕೊಳ್ಳಿ. ಎಡದಿಂದ ರಟ್ಟುಗಳು: 2048, 1024, 512, 256, 128, 64, 32, 16, 8, 4, 2, 1. ಈಗ 2048, 1024, 128, 16, 4, 1 ಹಿಡಿದವರು ಎದ್ದು ನಿಲ್ಲಿ. ಕೂಡಿ ನೋಡಿ, 3221! ನಿಮ್ಮ ಸಾಲು 110010010101 ಎಂದು, ಅಂದರೆ ‘ಕ’ ಎಂದು ಬರೆದಿದೆ.

1. ಈ ಪಟ್ಟಿಯಲ್ಲಿ ‘ಕ’ ನಂತರ ‘ಖ’, ಆಮೇಲೆ ‘ಗ’ ಬರುತ್ತವೆ. ‘ಗ’ ಬರೆಯಲು ಇನ್ನು ಯಾರು ಏಳಬೇಕು?

2. ‘ಅ’ ಅಕ್ಷರದ ಸಂಖ್ಯೆ 3205. ‘ಕ’ವನ್ನು ‘ಅ’ ಮಾಡಲು ಯಾರು ಕುಳಿತರೆ ಸಾಕು?

ಉತ್ತರ: 1. 2ರ ರಟ್ಟಿನವರು. 2. 16ರ ರಟ್ಟಿನವರು.