ಪ್ರೆಸ್ಸಿಗೆ ಆರು ಸಲ ಅಲೆದ ಲೆಕ್ಕ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು 18,000 ರೂಪಾಯಿಗೆ ಒಪ್ಪಿಕೊಂಡಿದ್ದೆ. ಪುಟ ಕಟ್ಟಿ ಮುಗಿದ ಮೇಲೆ ಸಮಿತಿಯವರು, “ಪ್ರಿಂಟೂ ನೀವೇ ಮಾಡಿಸಿಕೊಡ್ರಿ, ನಮಗೇನೂ ತಿಳಿಯಂಗಿಲ್ಲ” ಎಂದರು. ಆರು ಸಲ ಪ್ರೆಸ್ಸಿಗೆ ಹೋಗಿ ಬಂದೆ. ಪ್ರೆಸ್ಸಿನವರು 80,000 ರೂಪಾಯಿ ಬಿಲ್ ಮಾಡಿಕೊಂಡರು, ನನಗೆ ಸಿಕ್ಕಿದ್ದು ಅದೇ 18,000. ಮುಂದಿನ ಸಲ ಪರ್ಸೆಂಟ್ ಕೇಳಲೇ?

ಉತ್ತರ: ಈ ಸಲದ್ದನ್ನು ಬಿಟ್ಟುಬಿಡಿ. ಮೊದಲೇ ಹೇಳದ ದುಡ್ಡನ್ನು ಈಗ ಕೇಳಿದರೆ ಮಾತು ಕೆಡುತ್ತದೆ, ದುಡ್ಡೂ ಬರುವುದಿಲ್ಲ. ಮುಂದಿನ ಕೊಟೇಶನ್ನಿನಲ್ಲಿ ಡಿಸೈನ್ ಒಂದು ಸಾಲು, ಮುದ್ರಣದ ಉಸ್ತುವಾರಿ ಇನ್ನೊಂದು ಸಾಲು ಇರಲಿ. ಬೇಡದಿದ್ದರೆ ಅವರೇ ಹೊಡೆದು ಹಾಕಲಿ.

ಉಸ್ತುವಾರಿ ಎಂದರೆ ಬರೀ ಓಡಾಟ ಎಂದುಕೊಳ್ಳುವವರೇ ಹೆಚ್ಚು. ಹಾಗಾಗಿ ಬಿಡಿಸಿ ಬರೆಯಿರಿ: ಎರಡು ಮೂರು ಪ್ರೆಸ್ಸುಗಳಿಂದ ರೇಟು ತರಿಸುವುದು, ಕಾಗದದ ಜಿಎಸ್‌ಎಂ ಗೊತ್ತು ಮಾಡುವುದು, ಪ್ರೂಫ್ ನೋಡುವುದು, ಮಷೀನಿನಿಂದ ಬಂದ ಮೊದಲ ಹಾಳೆಗೆ ಸಹಿ ಹಾಕುವುದು, ಬೈಂಡಿಂಗ್ ಆದ ಮೇಲೆ ಎಣಿಸಿ ತೆಗೆದುಕೊಳ್ಳುವುದು. (ಆ ಹಾಳೆಯನ್ನು ಪ್ರೆಸ್ಸಿನ ಟ್ಯೂಬ್‌ಲೈಟಿನಡಿ ನೋಡಿ ಒಪ್ಪಬೇಡಿ. ಬಾಗಿಲಾಚೆ ಹಗಲು ಬೆಳಕಿಗೆ ತನ್ನಿ. ಮುಖ್ಯ ಅತಿಥಿಗಳ ಮುಖ ಕೆಂಪಗೆ ತಿರುಗಿದ್ದರೆ ಅಲ್ಲಿ ಗೊತ್ತಾಗುತ್ತದೆ.)

ಪರ್ಸೆಂಟ್ ನನಗೆ ಒಗ್ಗಲಿಲ್ಲ. 80,000ಕ್ಕೆ ಶೇ. 20 ಎಂದರೆ 16,000, ಕೇಳಲು ಚೆಂದ. ಆದರೆ ನೀವು ಚೌಕಾಸಿ ಮಾಡಿ ಬಿಲ್ಲನ್ನು 60,000ಕ್ಕೆ ಇಳಿಸಿದಿರಿ ಅನ್ನಿ, ನಿಮ್ಮ ಪಾಲು 12,000 ಆಯಿತು. ಗಿರಾಕಿಗೆ ಒಳ್ಳೆಯದು ಮಾಡಿದ್ದಕ್ಕೆ 4,000 ದಂಡ! ಇನ್ನೊಂದು ಕಡೆ, ಸಾವಿರದ ಬದಲು ಎರಡು ಸಾವಿರ ಪ್ರತಿ ಹೊಡೆಸಿದರೂ ಪ್ಲೇಟು ಅವೇ, ಪ್ರೂಫ್ ಅದೇ. ಆಗ ಹೆಚ್ಚು ದುಡ್ಡು ಯಾವುದಕ್ಕೆ? ಬದಲಿಗೆ ದಿನ ಎಣಿಸಿ. ಆರು ಸಲ, ಸಲಕ್ಕೆ ಅರ್ಧ ದಿನ ಎಂದರೆ ಮೂರು ದಿನ. ಫೋನು, ರೇಟು ವಿಚಾರಣೆಗೆ ಇನ್ನೊಂದು. ಡಿಸೈನಿನಲ್ಲಿ ನಿಮಗೆ ದಿನಕ್ಕೆ 2,500 ಗಿಟ್ಟುತ್ತಿದ್ದರೆ 10,000 ಆಯಿತು. ಅಷ್ಟನ್ನು ಹಿಂಜರಿಯದೆ ಹೇಳಿ.

ಪರ್ಸೆಂಟ್ ನ್ಯಾಯವಾಗುವುದು ಒಂದೇ ಕಡೆ: ಪ್ರೆಸ್ಸಿಗೆ ಮುಂಗಡ ನಿಮ್ಮ ಕೈಯಿಂದ ಹೋಗಿ, ಬಿಲ್ಲೂ ನಿಮ್ಮ ಹೆಸರಿನಲ್ಲೇ ಆದಾಗ. ಏಕೆಂದರೆ ಆಗ ತಪ್ಪೂ ನಿಮ್ಮದೇ. ಒಮ್ಮೆ ನುಡಿ ಫಾಂಟಿನ ಫೈಲನ್ನು ಕರ್ವ್ಸ್ ಮಾಡದೆ ಕಳಿಸಿಬಿಟ್ಟೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮುಖಪುಟದಲ್ಲಿ ಅಧ್ಯಕ್ಷರ ಹೆಸರಿನ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಪ್ರೂಫ್ ಹಾಳೆಯಲ್ಲೂ ಹಾಗೇ ಇತ್ತಂತೆ, ನಾನು ಬಣ್ಣ ಮಾತ್ರ ನೋಡಿ ಸಹಿ ಹಾಕಿದ್ದೆ. ಐನೂರು ಮುಖಪುಟ ನನ್ನ ಖರ್ಚಿನಲ್ಲಿ ಮತ್ತೆ ಅಚ್ಚಾದವು. ಆ ಕೆಲಸದಲ್ಲಿ ನಾನು ಮೇಲೆ ಇಟ್ಟುಕೊಂಡಿದ್ದು 3,000 ರೂಪಾಯಿ. ಅಂದಿನಿಂದ ಕೊನೆಯ ಪ್ರೂಫಿಗೆ ಗಿರಾಕಿಯ ಸಹಿಯೂ ಬೇಕು ಎನ್ನುತ್ತೇನೆ.

ಪ್ರಶ್ನೆ: ಬೆಂಗಳೂರಿನ ಒಂದು ಪ್ರೆಸ್ಸಿನವರು ನಾನು ತಂದ ಪ್ರತಿ ಕೆಲಸಕ್ಕೂ ಶೇ. 5 ಕಮಿಷನ್ ಕೊಡುತ್ತೇವೆ, ಗಿರಾಕಿಗೆ ಹೇಳುವುದು ಬೇಡ ಎನ್ನುತ್ತಾರೆ. ತಪ್ಪೇ?

ಉತ್ತರ: ಹೇಳಿ ತೆಗೆದುಕೊಂಡರೆ ತಪ್ಪಿಲ್ಲ. ಹೇಳದೆ ತೆಗೆದುಕೊಂಡರೆ, ನಾಳೆ ಕಟಿಂಗ್ ಓರೆಯಾದಾಗ ಪ್ರೆಸ್ಸಿನವರ ಜೊತೆ ಜಗಳ ಆಡುವುದಕ್ಕೆ ನಿಮಗೆ ಬಾಯಿ ಬರುವುದಿಲ್ಲ. ಗಿರಾಕಿ ನಿಮಗೆ ಉಸ್ತುವಾರಿಯ ದುಡ್ಡು ಕೊಡುವುದೇ ಆ ಜಗಳಕ್ಕೆ.

ಪ್ರಶ್ನೆ: ಮೈಸೂರಿನವನು. ಡಿಸೈನಿನಿಂದ ವರ್ಷಕ್ಕೆ ಸುಮಾರು 12 ಲಕ್ಷ ಬರುತ್ತದೆ. ಈ ವರ್ಷ 9 ಲಕ್ಷದ ಮುದ್ರಣವನ್ನೂ ನನ್ನ ಬಿಲ್ಲಿನಲ್ಲೇ ಸೇರಿಸಿದೆ. ಜಿಎಸ್‌ಟಿ ತೊಂದರೆ ಇದೆಯೇ?

ಉತ್ತರ: ಇದೆ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ನಿಮ್ಮದು 21 ಆಯಿತು. ಇಲ್ಲಿ ನೋಡುವುದು ವಹಿವಾಟನ್ನು, ಲಾಭವನ್ನಲ್ಲ. ಆ 9 ಲಕ್ಷದಲ್ಲಿ ಎಂಟು ಪ್ರೆಸ್ಸಿಗೇ ಹೋಗಿದ್ದರೂ ಮೇಲ್ನೋಟಕ್ಕೆ ಅದು ನಿಮ್ಮ ಲೆಕ್ಕವೇ. ಇನ್ನು ಮೇಲೆ ಪ್ರೆಸ್ಸಿನ ಬಿಲ್ ಗಿರಾಕಿಯ ಹೆಸರಿಗೇ ಆಗಲಿ, ನಿಮ್ಮದು ಉಸ್ತುವಾರಿಯ ಬಿಲ್ ಮಾತ್ರ. ಈಗಾಗಲೇ ಹರಿದ ಬಿಲ್ಲುಗಳನ್ನು ಈ ವಾರವೇ ಆಡಿಟರಿಗೆ ತೋರಿಸಿ, ಮಾರ್ಚಿಗೆ ಕಾಯಬೇಡಿ.